ಪುಟಾಣಿ ಕಾರುಗಳ ಬಿಡಾರ

ಇಂಗ್ಲೆಂಡಿನ ಮಗಳ ಮನೆಯಲ್ಲಿದ್ದಾಗ ಒಂದು ಶನಿವಾರ ಅಳಿಯ, ಮೊಮ್ಮಗನ ಜೊತೆ ಡರ್ಬಿಶೈರ್‌ನ ಹಳ್ಳಿಗೆ ಹೋದೆ. ಕುರಿ ಮೇಯುವ ಗುಡ್ಡದ ಬುಡದಲ್ಲಿ ಪುಟಾಣಿ ಕಾರುಗಳ ಸಂಘದವರು ಬೀಡುಬಿಟ್ಟಿದ್ದರು. ಡೇರೆಗಳೇ ದೊಡ್ಡವು, ಕಾರುಗಳು ಚಿಕ್ಕವು! ನಾವೂ ಪಕ್ಕದಲ್ಲಿ ಡೇರೆ ಹಾಕಿದೆವು.

1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಇಂಥ ಕಾರುಗಳಿಗೆ ಬೇಡಿಕೆ ಹೆಚ್ಚಿತು. ಮೆಸರ್‌ಸ್ಮಿಟ್ ಕಾರಿನಲ್ಲಿ ವಿಮಾನದಂತೆ ಪಾರದರ್ಶಕ ಮುಚ್ಚಳ ಎತ್ತಿ, ಒಬ್ಬರ ಹಿಂದೊಬ್ಬರು ಕೂರಬೇಕು. ಪೀಲ್ ಪಿ-50ರ ಉದ್ದ 137 ಸೆಂಟಿಮೀಟರ್, ಹೆಚ್ಚುಕಡಿಮೆ ನನ್ನ ಮೊಮ್ಮಗನ ಎತ್ತರ! ಅದಕ್ಕೆ ರಿವರ್ಸ್ ಗೇರ್ ಇಲ್ಲ; ಹಿಂಬದಿಯ ಹಿಡಿಕೆ ಹಿಡಿದೆತ್ತಿ ತಿರುಗಿಸಬೇಕು. ಇಸೆಟ್ಟಾಗೆ ಬಾಗಿಲಿರುವುದು ಮೂತಿಯಲ್ಲಿ.

“ಗೋಡೆಗೆ ಒತ್ತಿ ನಿಲ್ಲಿಸಿದರೆ ಇಳಿಯೋದು ಹೇಗೆ ತಾತ?” ಎಂದ ಮೊಮ್ಮಗ. ಅದರ ಮಾಲೀಕರು ನಗುತ್ತ ಮೇಲಿನ ಬಟ್ಟೆಯ ಚಾವಣಿ ಸರಿಸಿ ತೋರಿಸಿದರು.

ಭಾನುವಾರ ಕಾರುಗಳು ಸಾಲಾಗಿ ಹೊರಟವು. ನಾವು ಹಿಂದಿನಿಂದ ಹೋದೆವು. ಏರು ಬಂದಾಗ ಕೊನೆಯ ಮುದಿ ಕಾರೊಂದು ಏದುಸಿರುಬಿಟ್ಟು ನಿಂತಿತು. ಮುಂದೆ ಹೋಗಿದ್ದವರೆಲ್ಲ ಇಳಿದು ಬಂದರು. ಒಬ್ಬರು ಪ್ಲಗ್‌ನ ಮಸಿ ಉಜ್ಜಿದರು, ಉಳಿದವರು ಕಾರು ತಳ್ಳಿದರು. ಮೊಮ್ಮಗನೂ ಕೈಹಾಕಿದ. ಆಮೇಲೆ ಅದೇ ಕಾರನ್ನು ಸಾಲಿನ ಮುಂದೆ ಬಿಟ್ಟರು. ಅದರ ವೇಗವೇ ಎಲ್ಲರ ವೇಗ.

ಸಂಜೆ ಗುಡ್ಡ ಹತ್ತಲು ಹೊರಟೆವು. ನನಗೋ ಮೊಣಕಾಲು ನೋವು. ಯಾವಾಗಲೂ ಮುಂದೆ ಓಡಿಬಿಡುವ ಮೊಮ್ಮಗ ಅಂದು ಕಾಲುದಾರಿಯಲ್ಲಿ ಪಕ್ಕಕ್ಕೆ ಸರಿದು ನಿಂತ.

“ತಾತ, ನೀನು ಮುಂದೆ ನಡಿ,” ಎಂದ.