ಕಾಲಿಗೆಷ್ಟು ಪೆಡಲು?

ಸಂಗೀತವು ಕಂಠಕ್ಕೆ ಸೇರಿದ್ದು, ಕಿವಿಗೆ ಸೇರಿದ್ದು, ಹೆಚ್ಚೆಂದರೆ ಕೈಗೆ ಸೇರಿದ್ದು ಎಂಬುದು ಲೋಕದ ತಿಳಿವಳಿಕೆ. ಕಾಲಿಗೂ ಅದರಲ್ಲಿ ಪಾಲುಂಟೆಂದು ಯಾರೂ ಬಗೆಯುವುದಿಲ್ಲ. ಕಚೇರಿಯಲ್ಲಿ ಕುಳಿತ ರಸಿಕನ ಹೆಬ್ಬೆರಳು ತಾಳಕ್ಕೆ ತಾನಾಗಿ ಅಲುಗಿದರೆ, ಅವನು ಅದನ್ನು ಪಂಚೆಯ ಅಂಚಿನಲ್ಲಿ ಮರೆಮಾಡಿಕೊಳ್ಳುತ್ತಾನೆ. ಆದರೆ ಎರಡು ಕೈಗಳನ್ನೂ ತಂತಿಗೆ ಒಪ್ಪಿಸಿಬಿಟ್ಟಿರುವ ಗಿಟಾರುವಾದಕನ ಪಾಡು ಬೇರೆ. ನುಡಿಸುತ್ತಿರುವಾಗಲೇ ನಾದವನ್ನು ಏರಿಸಬೇಕು, ಇಳಿಸಬೇಕು, ಅದರ ಬಣ್ಣವನ್ನು ಬದಲಿಸಬೇಕು ಎಂಬ ಆಸೆ ಹುಟ್ಟಿದಾಗ ಅವನ ಸೇವೆಗೆ ಒದಗುವ ಅಂಗ ಕಾಲೊಂದೇ. ಹೀಗೆ ಒದಗಿದ ಕಾಲಿನಿಂದ ಎಷ್ಟು ಕೆಲಸ ತೆಗೆಯಬಹುದು ಎಂಬ ಪ್ರಶ್ನೆ ಮಾತ್ರ ತೋರುವಷ್ಟು ಸುಲಭವಾದುದಲ್ಲ.

ಮೈಸೂರಿನ ಒಬ್ಬ ತರುಣನನ್ನು ಈ ಪ್ರಶ್ನೆ ಒಂದು ವರ್ಷಕಾಲ ಕಾಡಿತು. ಹಗಲು ಅವನಿಗೆ ಲೆಕ್ಕಪತ್ರದ ಉದ್ಯೋಗ. ಸಂಜೆ ವಿದ್ಯುತ್ ಗಿಟಾರು. ಅವನ ಅಕ್ಕ ಭಾವಗೀತೆಗಳನ್ನು ಹಾಡುವವಳು. ನಡುಮನೆಯಲ್ಲಿ ಆಕೆಯ ಹಾಡಿಗೆ ಇವನ ಗಿಟಾರು ಚಿಕ್ಕಂದಿನಿಂದಲೂ ಜೊತೆ. ಆಕೆ ಯಾವ ಸಾಲಿನಲ್ಲಿ ಉಸಿರು ತೆಗೆದುಕೊಳ್ಳುವಳು, ಯಾವ ಮಾತಿನ ಮೇಲೆ ನಿಲ್ಲುವಳು ಎಂಬುದನ್ನು ಮುಖ ನೋಡಿಯೇ ಅವನು ತಿಳಿಯುತ್ತಿದ್ದನು. ಅವರಿಬ್ಬರ ನಡುವೆ ಬೇರೆ ಸಂಜ್ಞೆ ಬೇಕಾಗಿರಲಿಲ್ಲ.

ಎಕ್ಸ್‌ಪ್ರೆಷನ್ ಪೆಡಲೆಂದರೆ ಹೆಸರಿನಷ್ಟು ಗಂಭೀರವಾದ ವಸ್ತುವೇನೂ ಅಲ್ಲ. ಪಾದದ ಅಗಲದ ಒಂದು ಹಲಗೆ, ಅದರ ನಡುವೆ ಒಂದು ಕೀಲು. ಬೆರಳನ್ನೊತ್ತಿದರೆ ಮುಂದಕ್ಕೆ ಬಾಗುತ್ತದೆ, ಹಿಮ್ಮಡಿಯನ್ನೊತ್ತಿದರೆ ಹಿಂದಕ್ಕೆ. ಒಳಗಿರುವುದು ರೇಡಿಯೋದ ಧ್ವನಿಯನ್ನು ಹೆಚ್ಚುಕಡಿಮೆ ಮಾಡುವ ತಿರುಗುಣಿಯಲ್ಲಿರುವಂಥದೇ ಒಂದು ವಿದ್ಯುನ್ನಿರೋಧಕ. ಹಲವು ಪೆಡಲುಗಳಲ್ಲಿ ಅದರ ಅಳತೆ 10,000 ಓಮ್. ಗಿಟಾರಿನ ನಾದವು ಇದರೊಳಗೆ ಹಾಯುವುದೇ ಇಲ್ಲ. ಪಾದವು ಈಗ ಎಲ್ಲಿದೆ ಎಂಬ ಸುದ್ದಿಯನ್ನಷ್ಟೇ ಇದು ನಾದವನ್ನು ಸಂಸ್ಕರಿಸುವ ಪೆಟ್ಟಿಗೆಗೆ ಮುಟ್ಟಿಸುತ್ತದೆ. 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತಪದ್ಧತಿಯಲ್ಲಿ ಈ ಸುದ್ದಿಗೆ 0ಯಿಂದ 127ರ ವರೆಗೆ 128 ಮೆಟ್ಟಿಲುಗಳುಂಟು. ಸುದ್ದಿ ಕೇಳಿದ ಪೆಟ್ಟಿಗೆಯು ಧ್ವನಿಯನ್ನು ತಗ್ಗಿಸಬೇಕೋ, ಪ್ರತಿಧ್ವನಿಯನ್ನು ಹೆಚ್ಚಿಸಬೇಕೋ, ಶ್ರುತಿಯನ್ನೇ ಮೇಲಕ್ಕೆಳೆಯಬೇಕೋ ಎಂಬುದನ್ನು ವಾದಕನು ಮೊದಲೇ ಗೊತ್ತುಮಾಡಿರಬೇಕು.

ಇದರ ವಂಶ ಹಳೆಯದು. 1712ರಲ್ಲಿ ಲಂಡನ್ ಸೇತುವೆಯ ಬಳಿಯ ಸೇಂಟ್ ಮ್ಯಾಗ್ನಸ್ ಚರ್ಚಿನಲ್ಲಿ ಏಬ್ರಹಾಂ ಜೋರ್ಡನ್ ಎಂಬವನು ಕಟ್ಟಿದ ಆರ್ಗನ್ನಿನಲ್ಲಿ ಕೆಲವು ಕೊಳವೆಗಳನ್ನು ಪೆಟ್ಟಿಗೆಯೊಳಗಿಟ್ಟು, ಅದನ್ನು ತೆರೆದು ಮುಚ್ಚಿ ನಾದವನ್ನು ಉಬ್ಬಿಸಿ ಇಳಿಸುವ ಉಪಾಯವಿತ್ತು. ತರುವಾಯದ ಆರ್ಗನ್ನುಗಳಲ್ಲಿ ಈ ಕೆಲಸ ಕಾಲಿನ ಸನ್ನೆಗೋಲಿಗೆ ಬಂದಿತು. ಆ ಗೋಲು ಕಾಲು ತೆಗೆದೊಡನೆ ಮೇಲಕ್ಕೆ ಪುಟಿಯುತ್ತಿದ್ದಿತು. ಬಿಟ್ಟಲ್ಲೇ ನಿಲ್ಲುವ ಸಮತೂಕದ ಪೆಡಲು ಬಂದದ್ದು ಅದಕ್ಕೂ ಈಚೆಗೆ. ಗಿಟಾರಿನ ಕಾಲಿಗೆ ಸಿಕ್ಕಿದ್ದೂ ಇಂಥ ಹಲಗೆಯೇ. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರ್ಯಾಡ್ ಪ್ಲಂಕೆಟ್ ಎಂಬ ಇಂಜಿನಿಯರು ನಾದದ ಬಣ್ಣ ಬದಲಿಸುವ ಒಂದು ವಿದ್ಯುನ್ಮಂಡಲವನ್ನು ಆರ್ಗನ್ನಿನ ಧ್ವನಿಪೆಡಲಿನ ಮೈಯೊಳಗೆ ಕೂಡಿಸಿದನು. ‘ವಾ’ ಎಂದು ಬಾಯಿ ತೆರೆದಂತೆ ಕೇಳಿಸುವುದರಿಂದ ಅದಕ್ಕೆ ವಾ ಪೆಡಲೆಂದೇ ಹೆಸರಾಯಿತು. 1968ರಲ್ಲಿ ಜಿಮಿ ಹೆಂಡ್ರಿಕ್ಸ್ ತನ್ನ ಒಂದು ಪ್ರಸಿದ್ಧ ಗೀತವನ್ನು ಅದರಿಂದಲೇ ಆರಂಭಿಸಿದನು. 1989ರಲ್ಲಿ ಡಿಜಿಟೆಕ್ ಕಂಪನಿಯ ವ್ಹಾಮಿ ಬಂದು, ಶ್ರುತಿಯನ್ನು ಸ್ಥಾಯಿಯಿಂದ ಸ್ಥಾಯಿಗೆ ಕಾಲಿನಲ್ಲೇ ಜಾರಿಸುವುದೂ ಸಾಧ್ಯವಾಯಿತು.

ನಮ್ರವಾಗಿ ಆರಂಭವಾಗುವುದು ಆಸೆಯ ಸ್ವಭಾವ. ತರುಣನು ಮೊದಲು ಕೊಂಡದ್ದು ಧ್ವನಿಗೆ ಒಂದು ಪೆಡಲು. ಅದು ನ್ಯಾಯವಾದ ಕೊಳ್ಳುವಿಕೆ: ಅಕ್ಕ ಮೆಲುದನಿಗೆ ಇಳಿದಾಗ ಗಿಟಾರೂ ಇಳಿಯಬೇಡವೆ? ಎರಡನೆಯದು ಬಣ್ಣಕ್ಕೆ. ಮೂರನೆಯದು ಪ್ರತಿಧ್ವನಿಗೆ. ನಾಲ್ಕನೆಯದು ಶ್ರುತಿಗೆ, ಬೆರಳಿನಿಂದಲೇ ತಂತಿಯನ್ನು ಎಳೆದು ಗಮಕ ತರಬಲ್ಲವನಿಗೆ ಅದರ ಅವಶ್ಯಕತೆ ಏನೆಂದು ಅವನನ್ನು ಕೇಳಿದವರಿಲ್ಲ. ಅಂಗಳದಲ್ಲಿ ಎಳೆಯ ಪರಂಗಿ ಗಿಡಗಳನ್ನು ನೆಟ್ಟಂತೆ ನಾಲ್ಕನ್ನೂ ಸಾಲಾಗಿ ಒಂದು ಹಲಗೆಯ ಮೇಲೆ ಜೋಡಿಸಿ, ಒಂದೊಂದಕ್ಕೂ ತಂತಿ ಎಳೆದು, ಅವನು ಬಹಳ ಸಂತೋಷಪಟ್ಟನು.

ಬಡಾವಣೆಯ ಗಣೇಶೋತ್ಸವದಲ್ಲಿ ಅಕ್ಕನ ಹಾಡಿತ್ತು. ಚಪ್ಪರದ ಕೆಳಗೆ ನಾಲ್ಕು ಪೆಡಲುಗಳೂ ವೇದಿಕೆಯನ್ನೇರಿದವು. ಹಾಡು ಹಾಡಿಗೂ ಅವನು ಒಂದರಿಂದ ಇನ್ನೊಂದಕ್ಕೆ ಕಾಲು ದಾಟಿಸುತ್ತಿದ್ದನು. ಒಮ್ಮೆ ಬಣ್ಣವೆಂದು ಒತ್ತಿದ್ದು ಪ್ರತಿಧ್ವನಿಯಾಯಿತು, ಸರಿಪಡಿಸಿಕೊಂಡನು. ಸಭೆಗೆ ಅದು ತಿಳಿಯಲೂ ಇಲ್ಲ. ಕೊನೆಯ ಗೀತದ ಮಧ್ಯದಲ್ಲಿ ಅಕ್ಕನಿಗೆ ಒಂದು ಸಾಲನ್ನು ಮತ್ತೆ ಹಾಡಬೇಕೆನಿಸಿ, ಎಂದಿನಂತೆ ಅವನ ಕಡೆ ತಿರುಗಿದಳು. ಅವನ ಕಣ್ಣು ನೆಲದ ಮೇಲಿತ್ತು. ಗಿಟಾರು ಮುಂದಿನ ಚರಣಕ್ಕೆ ಹೋಯಿತು. ಆಕೆ ಒಂದು ಕ್ಷಣ ತಡೆದು, ನಕ್ಕು, ಅದರ ಹಿಂದೆಯೇ ಹೋದಳು. ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಊಟಕ್ಕೆ ಕುಳಿತಾಗ ಅಕ್ಕ, “ಏನೋ, ಇವತ್ತು ನೀನು ಒಂದು ಸಲವೂ ನನ್ನ ಕಡೆ ನೋಡಲಿಲ್ಲವಲ್ಲೋ” ಎಂದಳು. ಅದರಲ್ಲಿ ಕೋಪವಿರಲಿಲ್ಲ. ಮಜ್ಜಿಗೆಗೆ ಉಪ್ಪು ಸಾಲದೆಂದು ಹೇಳುವಷ್ಟು ಸಹಜವಾಗಿ ಹೇಳಿದಳು. ಕೋಪವಿದ್ದಿದ್ದರೆ ಅವನಿಗೆ ಉತ್ತರ ಸಿಕ್ಕುತ್ತಿತ್ತು.

ಮರುದಿನವೇ ಅವನು ವೈರಾಗ್ಯದಿಂದ ಮೂರು ಪೆಡಲುಗಳನ್ನು ಕಿತ್ತು, ಒಂದನ್ನೇ ಉಳಿಸಿಕೊಂಡನು. ಈಚಿನ ಪೆಟ್ಟಿಗೆಗಳಲ್ಲಿ ಒಂದೇ ಪೆಡಲಿಗೆ ಹಲವು ಕೆಲಸಗಳನ್ನು ಹಂಚಬಹುದು. ಒಂದು ಗುಂಡಿಯನ್ನು ಮೆಟ್ಟಿದರೆ ಅದು ಧ್ವನಿಯ ಪೆಡಲು, ಮತ್ತೊಮ್ಮೆ ಮೆಟ್ಟಿದರೆ ಬಣ್ಣದ ಪೆಡಲು. ಆದರೆ ಹಠದ ವೈರಾಗ್ಯಕ್ಕೂ ಒಂದು ದೋಷವುಂಟು. ಧ್ವನಿಯನ್ನು ಅರ್ಧಕ್ಕೆ ಇಳಿಸಿ, ಪೆಡಲನ್ನು ಬಣ್ಣಕ್ಕೆ ಒಪ್ಪಿಸಿ, ಅದನ್ನು ಮುಂದಕ್ಕೆ ಬಾಗಿಸಿ, ಮತ್ತೆ ಧ್ವನಿಗೆ ಮರಳಿದರೆ, ಹಲಗೆ ಈಗ ಇರುವ ಸ್ಥಾನ ಧ್ವನಿಗೆ ಸಲ್ಲದ್ದು. ಕಾಲು ಅಲುಗಿದೊಡನೆ ನಾದವು ತಟ್ಟನೆ ನೆಗೆಯುತ್ತದೆ. ಒಬ್ಬ ಆಳು ಎರಡು ಮನೆಯ ಬೀಗದ ಕೈಗಳನ್ನು ಒಂದೇ ಗೊಂಚಲಿನಲ್ಲಿಟ್ಟುಕೊಂಡು ಕತ್ತಲಲ್ಲಿ ತಡಕಿದಂತಾಯಿತು. ಎಲ್ಲಿ ಬಿಟ್ಟಿತ್ತೋ ಅಲ್ಲೇ ಇರಬೇಕಾದ ಸಂಗತಿಗೆ ತನ್ನದೇ ಆದ ಪೆಡಲು ಬೇಕು ಎಂಬುದನ್ನು ಅವನು ಹೀಗೆ ಕಂಡುಕೊಂಡನು.

ಅಲ್ಲಿಂದ ಮುಂದೆ ಅವನ ಯೋಚನೆ ಪೆಡಲನ್ನು ಬಿಟ್ಟು ಕಾಲಿನ ಕಡೆಗೆ ತಿರುಗಿತು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟ ನೇಕಾರನೂ ಆರ್ಗನ್ನಿನ ವಾದಕನೂ ಎರಡು ಕಾಲುಗಳನ್ನೂ ಆಡಿಸಬಲ್ಲರು, ಏಕೆಂದರೆ ಅವರು ಕುಳಿತಿರುತ್ತಾರೆ. ಪೆಡಲ್ ಸ್ಟೀಲ್ ಎಂಬ ಬಗೆಯ ಗಿಟಾರಿನ ಮುಂದೆ ಕುಳಿತವನು ಬಲಗಾಲಿನಿಂದ ಧ್ವನಿಯನ್ನೂ, ಎಡಗಾಲಿನಿಂದ ಶ್ರುತಿಯ ಪೆಡಲುಗಳನ್ನೂ, ಮೊಣಕಾಲುಗಳಿಂದ ಸನ್ನೆಗೋಲುಗಳನ್ನೂ ನಡೆಸುತ್ತಾನೆ. ನಿಂತು ನುಡಿಸುವವನ ಒಂದು ಕಾಲು ಮೈಯ ಭಾರವನ್ನು ಹೊತ್ತಿರುತ್ತದೆ. ಉಳಿದದ್ದು ಒಂದೇ. ಅವನ ಮುಂದೆ ಹತ್ತು ಪೆಡಲುಗಳಿರಲಿ, ಒಂದು ಕ್ಷಣಕ್ಕೆ ಒಂದು ಮಾತ್ರ ಮಾತನಾಡುತ್ತದೆ. ಮಿಕ್ಕವು ಕಾದಿರುವವು, ಕಾದಿರುವ ಒಂದೊಂದೂ ಅವನ ಮನಸ್ಸಿನಲ್ಲಿ ಇಷ್ಟಿಷ್ಟು ಜಾಗವನ್ನು ಹಿಡಿಯುವುದು. ಕಣ್ಣನ್ನು ನೆಲಕ್ಕೆಳೆದದ್ದು ಈ ಕಾದಿರುವವೇ.

ಆದಕಾರಣ ಅವನು ಒಂದು ಪರೀಕ್ಷೆಯನ್ನು ಮಾಡಿದನು. ನಾಲ್ಕು ಪೆಡಲುಗಳನ್ನೂ ಪುನಃ ಜೋಡಿಸಿ, ದೀಪವನ್ನಾರಿಸಿ, ಅಕ್ಕನ ಹಾಡುಗಳನ್ನು ಕತ್ತಲಲ್ಲಿ ನುಡಿಸತೊಡಗಿದನು. ಒಂದು ತಿಂಗಳಲ್ಲಿ ಲೆಕ್ಕ ತಾನಾಗಿ ಇತ್ಯರ್ಥವಾಯಿತು. ಬಲಗಡೆಯ ಧ್ವನಿಪೆಡಲನ್ನು ಕಾಲು ನೋಡದೆ ಹುಡುಕುತ್ತಿತ್ತು. ಅದನ್ನು ಪ್ರತಿಧ್ವನಿಯ ಮುಂಚೆ ಇರಿಸಿದಾಗ, ಹೊಸ ನಾದವನ್ನು ಇಳಿಸಿದರೂ ಹಿಂದಿನದರ ನೆರಳು ತಾನಾಗಿ ಕರಗುವುದು ಕೇಳಿಸುತ್ತಿತ್ತು. ಪ್ರತಿಧ್ವನಿಗೆಂದು ಬೇರೊಂದು ಪೆಡಲು ಅಷ್ಟಾಗಿ ಬೇಕಾಗಲಿಲ್ಲ. ಬಣ್ಣದ ಪೆಡಲು ಎರಡು ಗೀತಗಳಲ್ಲಿ ನಿಜವಾಗಿ ಬೇಕಾಗಿತ್ತು, ಕಾಲಿಗೂ ಸಿಕ್ಕುತ್ತಿತ್ತು. ಶ್ರುತಿಯ ಪೆಡಲನ್ನು ಆ ತಿಂಗಳೆಲ್ಲ ಕಾಲು ಒಮ್ಮೆಯೂ ಅರಸಲಿಲ್ಲ. ಬೆರಳುಗಳು ಆ ಕೆಲಸವನ್ನು ಅದಕ್ಕೂ ಮೊದಲೇ ಬಲ್ಲವಾಗಿದ್ದವು.

ಎರಡು ಉಳಿದವು. ಎರಡೇ ಏಕೆಂದರೆ ಶಾಸ್ತ್ರದಲ್ಲಿ ಹಾಗೆಂದು ಬರೆದಿಲ್ಲ. ಬೇರೊಬ್ಬನಿಗೆ ಒಂದು ಸಾಕಾದೀತು. ಕುಳಿತು ನುಡಿಸುವವನಿಗೆ ಮೂರೂ ಸಲ್ಲಬಹುದು. ನೋಡದೆ ಸಿಕ್ಕುವಷ್ಟು ಇರಲಿ ಎಂಬುದಷ್ಟೇ ಅವನ ಲೆಕ್ಕ. ಮಿಕ್ಕೆರಡನ್ನು ಅವನು ಮಾರಲಿಲ್ಲ, ಬೀರುವಿನ ಮೇಲೆ ಬಟ್ಟೆ ಸುತ್ತಿ ಇಟ್ಟನು. ಅಷ್ಟು ದುಡ್ಡು ಕೊಟ್ಟ ವಸ್ತುವಿನಲ್ಲಿ ಮೋಹ ಒಂದೇ ದಿನಕ್ಕೆ ಹೋಗುವುದಲ್ಲ.

ದೀಪಾವಳಿಯ ಸಂಜೆ ನಡುಮನೆಯಲ್ಲಿ ಮತ್ತೆ ಹಾಡು ನಡೆಯಿತು. ಕೇಳುವವರು ಮನೆಯವರು ಮತ್ತು ನೆರೆಯ ಇಬ್ಬರು ಅಜ್ಜಿಯರು. ನಡುವೆ ಅಕ್ಕ ಒಂದು ಸಾಲಿನ ತುದಿಯಲ್ಲಿ ನಿಂತು ಅವನ ಕಡೆ ನೋಡಿದಳು. ಅವನೂ ಅದನ್ನೇ ಕಾದಿದ್ದನು. ಪಾದವು ಮೆಲ್ಲಗೆ ಹಿಂದಕ್ಕೆ ಬಾಗಿತು, ಗಿಟಾರು ತಗ್ಗಿತು, ಆಕೆ ಆ ಸಾಲನ್ನು ಮತ್ತೊಮ್ಮೆ ಹಾಡಿದಳು.