ಹೊಸ್ತಿಲಿನಾಚೆಯ ಪಾಠ

ಕಾಸರಗೋಡಿನ ಅಡಕೆ ತೋಟಗಳ ನಡುವೆ ಬೆಳೆದ ನಮ್ಮ ಶಾಲೆಗೆ ಸುವರ್ಣ ಮಹೋತ್ಸವದ ಸಂಭ್ರಮ. ಶಾಲೆಯ ಸಾಧನೆಗಳನ್ನು ಬರೆಯಲು ಅನೇಕರಿದ್ದಾರೆ. ನಾನಾದರೋ ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಸಬಯಸುತ್ತೇನೆ.

1984ರಲ್ಲಿ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಎಷ್ಟು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಅದನ್ನು ಉದ್ಧಟತನವೆಂದು ಬಗೆದು ಬೆತ್ತವೆತ್ತಿದೆ. ಅವನು ಶಾಲೆ ಬಿಟ್ಟ ಮೇಲೆ ಮನೆಗೆ ಹೋದೆ. ತಂದೆ ಜಗಲಿಯಲ್ಲಿ, ತಾಯಿ ಅಡಿಗೆಮನೆಯಲ್ಲಿ. "ಮಾಸ್ತರಿಗೆ ಚಹಾ ಆದೀತೋ ಎಂದು ಅಪ್ಪನಲ್ಲಿ ಕೇಳು." "ಬೆಲ್ಲ ಕಡಿಮೆ ಹಾಕಲು ಅಮ್ಮನಲ್ಲಿ ಹೇಳು." ಅವರಿಬ್ಬರೊಳಗೆ ಮಾತು ನಿಂತು ವರ್ಷವಾಗಿತ್ತಂತೆ. ಇಬ್ಬರ ಮಾತನ್ನೂ ಹೊತ್ತು ಒಳಗೂ ಹೊರಗೂ ನಡೆಯುತ್ತಿದ್ದ ಬಾಲಕನಿಗೆ ತನ್ನದೆಂಬ ಮಾತೇ ಉಳಿದಿರಲಿಲ್ಲ. ನಾನು ಚಹಾ ಕುಡಿದು ಹಿಂದಿರುಗಿದೆ. ಅವನು ಮತ್ತೆ ಶಾಲೆಗೆ ಬರಲಿಲ್ಲ.

ಸಮಾಜಕಾರ್ಯ ವ್ಯಾಸಂಗ ಮಾಡುತ್ತಿರುವ ಮೊಮ್ಮಗಳು ಇತ್ತೀಚೆಗೆ ಅಮೆರಿಕದ ವರ್ಜೀನಿಯಾ ಸಟೀರ್ ಅವರ ವಿಷಯವನ್ನು ನನಗೆ ತಿಳಿಸಿದಳು. 1916ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ರೈತ ಕುಟುಂಬದಲ್ಲಿ ಜನಿಸಿದ ಈಕೆ ಮೊದಲು ನಮ್ಮಂತೆಯೇ ಶಾಲಾ ಶಿಕ್ಷಕಿ. ಮಕ್ಕಳನ್ನು ಅರಿಯಲೆಂದು ಶಾಲೆ ಬಿಟ್ಟ ಬಳಿಕ ಅವರ ಮನೆಗಳಿಗೆ ಹೋಗುತ್ತಿದ್ದರು. ಮುಂದೆ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಸಮಾಜಕಾರ್ಯವನ್ನು ಅಭ್ಯಸಿಸಿ, 1951ರಿಂದ ಕುಟುಂಬ ಚಿಕಿತ್ಸೆಯಲ್ಲಿ ತೊಡಗಿದರು.

ಮನೆಮಂದಿಯನ್ನೆಲ್ಲ ಒಟ್ಟಿಗೆ ಕುಳ್ಳಿರಿಸುವುದು ಅವರ ಕ್ರಮ. 'ಈ ಮಗುವೇ ಸರಿಯಿಲ್ಲ' ಎಂದು ಹಿರಿಯರು ಕರೆತಂದರೆ, ಆ ಮಗುವಿನಲ್ಲಿ ಇಡೀ ಮನೆಯ ನೋವಿನ ಕುರುಹನ್ನು ಅವರು ಕಾಣುತ್ತಿದ್ದರು. ಸಂಕಟ ಬಂದಾಗ ಒಬ್ಬ ಓಲೈಸುತ್ತಾನೆ, ಒಬ್ಬ ದೂಷಿಸುತ್ತಾನೆ, ಒಬ್ಬ ಬರಿಯ ತರ್ಕ ನುಡಿಯುತ್ತಾನೆ, ಇನ್ನೊಬ್ಬ ಮಾತು ಹಾರಿಸುತ್ತಾನೆ. ಇದನ್ನು ಅವರು ಉಪದೇಶಿಸದೆ ಭಂಗಿಗಳಲ್ಲಿ ಕಾಣಿಸುತ್ತಿದ್ದರು. ಓಲೈಸುವವನು ಮಂಡಿಯೂರಬೇಕು, ದೂಷಿಸುವವನು ಬೆರಳು ಚಾಚಿ ನಿಲ್ಲಬೇಕು. ಅನಂತರ ಪರಸ್ಪರ ಮುಖ ನೋಡಿ, ಮನಸ್ಸಿನಲ್ಲಿದ್ದುದನ್ನು ನೇರವಾಗಿ ನುಡಿಯುವಂತೆ ನೆರವಾಗುತ್ತಿದ್ದರು.

ಬೆರಳಿಗೆ ಬದಲು ಬೆತ್ತ ಚಾಚಿ ನಿಂತವನು ನಾನೇ ಎಂದು ಆಗ ಹೊಳೆಯಿತು. ಅವರ 'ಕಂಜಾಯಿಂಟ್ ಫ್ಯಾಮಿಲಿ ಥೆರಪಿ' ಗ್ರಂಥ ಪ್ರಕಟವಾದುದು 1964ರಲ್ಲಿ. ನಾನು ಬೆತ್ತವೆತ್ತಿದಾಗ ಅದಕ್ಕೆ ಇಪ್ಪತ್ತು ವರ್ಷ ಸಂದಿತ್ತು. ಗ್ರಂಥವನ್ನು ಓದದಿದ್ದುದು ದೊಡ್ಡ ತಪ್ಪಲ್ಲ. ಒಂದು ಮೈಲಿ ದೂರದ ಮನೆಯ ಹೊಸ್ತಿಲನ್ನು ಸಕಾಲದಲ್ಲಿ ದಾಟದಿದ್ದುದು ತಪ್ಪು.

ಶಿಕ್ಷಕನು ಚಿಕಿತ್ಸಕನಲ್ಲ, ನಿಜ. ಆದರೂ ಹಾಜರಿ ಪುಸ್ತಕದ ಪ್ರತಿಯೊಂದು ಹೆಸರಿನ ಹಿಂದೆ ಒಂದು ಮನೆಯಿದೆಯೆಂಬುದನ್ನು ನನ್ನ ಕಿರಿಯ ಸಹೋದ್ಯೋಗಿಗಳು ಮರೆಯದಿರಲಿ. ಆ ಹಳೆಯ ವಿದ್ಯಾರ್ಥಿಯ ಕೈಗೆ ಈ ಸಂಚಿಕೆ ತಲುಪಿದರೆ, ಅವನು ನನ್ನನ್ನು ಕ್ಷಮಿಸಲಿ. ಶಾಲೆಯು ಶತಮಾನೋತ್ಸವವನ್ನು ಕಾಣಲಿ.