ಎತ್ತಿದ ಕೈ

ಬೇಸಿಗೆ ರಜೆಗೆ ರೋಣಕ್ಕೆ ಬಂದ ಮೊಮ್ಮಗಳ ಚೀಲದಲ್ಲಿ ಒಂದು ಚೌಕುಳಿ ನೋಟ್‌ಬುಕ್ ಇತ್ತು. ಬೆಂಗಳೂರಿನಲ್ಲಿ ಅವಳು ಜಪಾನಿ ಕ್ಲಾಸಿಗೆ ಹೋಗುತ್ತಾಳೆ. ಪುಟದ ತುಂಬ ಒಂದೇ ಅಕ್ಷರ: ಮೇಲೊಂದು ಓರೆಗೆರೆ, ಕೆಳಗೆ ಎರಡು ಅಡ್ಡಗೆರೆ, ನಡುವೆ ಇಳಿದು ತುದಿಯಲ್ಲಿ ಕೊಕ್ಕೆಯಾದ ಉದ್ದಗೆರೆ.

“ಇದು ಕೈ, ಅಜ್ಜಾ. ಓದೋದು ‘ತೆ’. ಬೇರೆ ಅಕ್ಷರದ ಜೊತೆ ಸೇರಿದ್ರೆ ಕೆಲವು ಸಲ ‘ಶು’.”

“ನಮ್ಮ ಕೈನೂ ಹಂಗ ಐತಿ. ಮುಂದ ಬಂದ್ರ ಕೈ, ಹಿಂದ ನಿಂತ್ರ ಗೈ. ಅಂಗೈ, ಮುಂಗೈ, ಎಡಗೈ ನೋಡು” ಎಂದೆ.

ಆಮೇಲೆ ಇಬ್ಬರಿಗೂ ಅದೇ ಆಟ. ಕೈ, ಕಾಗದ ಸೇರಿದರೆ ‘ತೆಗಾಮಿ’, ಅಂದರೆ ಪತ್ರ. ನಮ್ಮ ಕಡೆಯೂ ಪತ್ರಕ್ಕೆ ಕಾಗದವೆಂದೇ ಅನ್ನುತ್ತೇವೆ. ಅವರು ಕೈಯೊಂದನ್ನು ಸೇರಿಸಿದ್ದಾರೆ. ಅವೇ ಎರಡು ಅಕ್ಷರ ಚೀನಾದಲ್ಲಿ ಪಾಯಖಾನೆಯ ಕಾಗದ! ಅವಳು ನಕ್ಕು ಉರುಳಾಡಿದಳು. ಕತ್ತರಿಸುವುದು, ಕೈ ಸೇರಿ ‘ಕಿತ್ತೆ’, ಅಂಚೆಚೀಟಿ. ಹಾಡು, ಕೈ ಸೇರಿ ‘ಕಶು’, ಗಾಯಕ. ಹಾಡುವುದು ಬಾಯಿ, ಹೆಸರು ಕೈಗೆ. ನಾವೂ ಇಡೀ ಮನುಷ್ಯನನ್ನೇ ‘ಪಳಗಿದ ಕೈ’ ಅನ್ನುತ್ತೇವಲ್ಲ. ಮೇಲು, ಕೈ ಸೇರಿದರೆ ‘ಜೋಜು’, ನಿಪುಣ. ಕೆಳಗು, ಕೈ ಸೇರಿದರೆ ‘ಹೆತಾ’, ಬಾರದವ. ನಮ್ಮಲ್ಲಿ ಮೇಲುಗೈ ಜಗಳ ಗೆದ್ದವನದು. ನಿಪುಣನದು ಎತ್ತಿದ ಕೈ.

ರೋಣ, ನರಗುಂದ, ಗಜೇಂದ್ರಗಡ ಮೂರೂ ಊರುಗಳ ಬ್ಯಾಂಕ್ ಕೌಂಟರಿನಲ್ಲಿ ಕುಳಿತವನು ನಾನು. ಮುಖಕ್ಕಿಂತ ಹೆಚ್ಚು ಕಂಡದ್ದು ಕೈಗಳನ್ನೇ. ಗಜೇಂದ್ರಗಡದಲ್ಲಿ ಕೈಮಗ್ಗದ ನೇಕಾರರ ಚುರುಕು ಬೆರಳು, ನರಗುಂದದಲ್ಲಿ ಎರೆಹೊಲದ ಹತ್ತಿ ಬಿಡಿಸಿ ಬಿರುಕುಬಿಟ್ಟ ಬೆರಳು. ನಮ್ಮಲ್ಲಿ ಸಾಲ ಸಿಗದವರು ಹೊರಗೆ ಕೈಗಡ ಮಾಡುತ್ತಿದ್ದರು. ಅದಕ್ಕೆ ಕಾಗದವೂ ಇಲ್ಲ, ಸಹಿಯೂ ಇಲ್ಲ. ನಮಗೋ ಸಹಿಯೇ ದೇವರು. ಹೊಂದದಿದ್ದರೆ ಸ್ಲಿಪ್ ತಿರುಗಿ ಕೊಡುತ್ತಿದ್ದೆ: “ಇನ್ನೊಮ್ಮೆ ಮಾಡ್ರಿ, ಯಜಮಾನ್ರ.” ಹಿಂದಿದ್ದವರು ನಗುತ್ತಿದ್ದರು. ನಾನೂ ನಕ್ಕದ್ದುಂಟು.

ಹೋದ ತಿಂಗಳು ನನ್ನದೇ ಸ್ಲಿಪ್ ತಿರುಗಿ ಬಂತು. ಎರಡು ವರ್ಷದಿಂದ ಬಲಗೈ ನಡುಗುತ್ತದೆ. ಮೂರು ಸಲ ಸಹಿ ಹಾಕಿದೆ, ಮೂರೂ ಬೇರೆ ಬೇರೆ. ಕೌಂಟರಿನ ಹುಡುಗನದು ತಪ್ಪಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ದುಡ್ಡಿಲ್ಲದೆ ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ. ನನಗೆ ಕೈಯೇ ಕೈಕೊಟ್ಟಿತ್ತು.

ಆಟದ ನಡುವೆ ಅದನ್ನು ಮೊಮ್ಮಗಳಿಗೆ ಹೇಳಿಬಿಟ್ಟೆ. ಅವಳು ನಗಲಿಲ್ಲ. ನೋಟ್‌ಬುಕ್ ನನ್ನ ಕಡೆ ತಿರುಗಿಸಿ ಪೆನ್ಸಿಲ್ ಕೊಟ್ಟಳು. “ನಾಲ್ಕೇ ಗೆರೆ. ಬರಿ, ಅಜ್ಜಾ.” ಬರೆದೆ. ವಾಲಿದ ಏಣಿಯ ಹಾಗೆ ಬಂತು.

“ಹೆತಾ” ಎಂದಳು.

ರಜೆ ಮುಗಿಯುವವರೆಗೆ ದಿನಾ ಒಂದು ಸಾಲು ಬರೆಸಿದಳು. ಅವಳು ಹೋದ ಮೇಲೆ ನಾನೇ ಒಂದು ಕಾಗದ ಬರೆದು, ಚೀಟಿ ಅಂಟಿಸಿ, ಅಂಚೆಗೆ ಹಾಕಿ ಬಂದೆ. ವಾರ ಬಿಟ್ಟು ಫೋನ್ ಬಂತು.

“ಪೂರ್ತಿ ಓದಿದೆ, ಅಜ್ಜಾ. ಕೊನೇಲಿರೋ ಒಂದು ಪದ ಮಾತ್ರ ಗೊತ್ತಾಗಲಿಲ್ಲ.”

ಅದು ನನ್ನ ಸಹಿ.